ಲೆಕ್ಕಕ್ಕಿಲ್ಲದ ಮನೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಸಾಧನೆಯನ್ನು ಹೇಳಿಕೊಳ್ಳುವುದಕ್ಕಿಂತ ತಪ್ಪೊಂದನ್ನು ಒಪ್ಪಿಕೊಳ್ಳುವುದೇ ಮೇಲೆಂದು ನನಗೆ ತೋರಿತು. ನಮ್ಮ ಶಾಲೆಯ ಗಣಿತದ ಗುರುಗಳು ಉತ್ತರ ಸರಿಯಿದ್ದರೂ, "ನಡುವಿನ ಮೆಟ್ಟಿಲನ್ನೇಕೆ ಬಿಟ್ಟೆ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯ ಅರ್ಥ ನನಗೆ ಹೊಳೆದದ್ದು ಬಹುಕಾಲದ ನಂತರ, ಹವಳಗಾದ ನಮ್ಮ ಹೊಲದ ಬಾವಿಯ ದಂಡೆಯಲ್ಲಿ.

ಕಲಬುರ್ಗಿಯಲ್ಲಿ 1958ರಲ್ಲಿ ಸ್ಥಾಪಿತವಾದ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ತರ್ಕಮಂಡಲಗಳ ಸರಳೀಕರಣವನ್ನು ಕಲಿತೆ. ನಿಜ–ಸುಳ್ಳುಗಳಿಗೂ ಬೀಜಗಣಿತವುಂಟೆಂದು ಜಾರ್ಜ್ ಬೂಲ್ ಅವರು 1854ರ ಗ್ರಂಥದಲ್ಲಿ ವಿಸ್ತರಿಸಿದ್ದರು. ಸ್ವಿಚ್ಚುಗಳ ಜೋಡಣೆಗೆ ಅದೇ ಗಣಿತ ಸಲ್ಲುವುದೆಂದು ಕ್ಲಾಡ್ ಶಾನನ್ 1938ರಲ್ಲಿ ಪ್ರಕಟಿಸಿದರು. 1953ರಲ್ಲಿ ಮಾರಿಸ್ ಕಾರ್ನೋ ಅವರು ನಮ್ಮ ಚೌಕಾಬಾರದ ಪಟವನ್ನು ಹೋಲುವ ನಕ್ಷೆಯೊಂದನ್ನು ಕೊಟ್ಟರು. ಅದರಲ್ಲಿ ನೆರೆಹೊರೆಯ ಮನೆಗಳೆರಡಕ್ಕೆ ಒಂದೇ ಒಂದು ಸ್ಥಿತಿಯಲ್ಲಿ ಮಾತ್ರ ಭೇದ. ಎರಡರಲ್ಲೂ 1 ಇದ್ದರೆ ಆ ಸ್ಥಿತಿಯ ಮಾತೇ ಬೇಡವೆಂದು ಕಿತ್ತುಹಾಕಬಹುದು. ಎಂದೂ ಸಂಭವಿಸದ ಸ್ಥಿತಿಯ ಮನೆಯೋ ಲೆಕ್ಕಕ್ಕಿಲ್ಲದ್ದು. ಅದನ್ನು ಅನುಕೂಲದಂತೆ 1 ಎಂದಾಗಲಿ 0 ಎಂದಾಗಲಿ ಭಾವಿಸಬಹುದು.

ಈ ವಿದ್ಯೆಯ ಹುಮ್ಮಸ್ಸಿನಲ್ಲಿ ನಮ್ಮ ತೊಟ್ಟಿಗೆ ತಾನಾಗಿ ನೀರೇರಿಸುವ ಯಂತ್ರವನ್ನು ರಚಿಸಿದೆ. ತೊಟ್ಟಿಯಲ್ಲಿ ಎರಡು ತೇಲುಗುಂಡುಗಳು. ಎರಡೂ ಇಳಿದಿದ್ದರೆ ಮೋಟಾರು ಓಡಬೇಕು. ಮೊದಲೇ ಓಡುತ್ತಿದ್ದರೆ, ಮೇಲಿನ ಗುಂಡು ಏಳುವವರೆಗೆ ಮುಂದುವರಿಯಬೇಕು. ಕೆಳಗಿನದು ಇಳಿದು ಮೇಲಿನದು ಎದ್ದಿರುವುದು ಅಸಂಭವವೆಂದು ಆ ಮನೆಗಳಿಗೆ 1 ಬರೆದೆ. ಮೊದಲಿನ ನಿಯಮದಿಂದ ಒಂದು ಮಾತು ಉದುರಿತು: "ಕೆಳಗಿನ ಗುಂಡು ಇಳಿದಿದ್ದರೆ ಓಡು." ಎಷ್ಟು ಅಡಕವಾಯಿತೆಂದು ಹಿಗ್ಗಿದೆ.

ವೈಶಾಖದ ಒಂದು ರಾತ್ರಿ ಕೆಳಗಿನ ಗುಂಡು ಹೂಳಿನಲ್ಲಿ ಸಿಕ್ಕಿಕೊಂಡಿತು. ತೊಟ್ಟಿ ತುಂಬಿತು, ಮೇಲಿನ ಗುಂಡು ಎದ್ದಿತು. ಮೋಟಾರು ಮಾತ್ರ ನಿಲ್ಲಲಿಲ್ಲ. ಬೆಳಗಾಗುವಷ್ಟರಲ್ಲಿ ಬಾವಿಯ ತಳ ಕಾಣಿಸುತ್ತಿತ್ತು. ನೀರು ಕುಡಿಯಲು ಬಂದ ನೆರೆಹೊಲದ ಎತ್ತುಗಳು ಹಾಗೆಯೇ ಮರಳಿದವು. ತಂದೆಯವರು ಗದರಲಿಲ್ಲ. "ತುಂಬೇದಂತ ಮ್ಯಾಲಿನ ಗುಂಡಿಗೆ ಗೊತ್ತಿತ್ತಲ್ಲೋ ತಮ್ಮಾ, ಅದರ ಮಾತು ಯಾಕ ಕೇಳಲಿಲ್ಲ?" ಎಂದಷ್ಟೇ ಅಂದರು.

ಆ ದಿನವೇ ನಕ್ಷೆಯನ್ನು ಮತ್ತೆ ಬಿಡಿಸಿ, ಅಸಂಭವವೆಂದ ಮನೆಗಳಿಗೆ 0 ಬರೆದೆ. ಈಗ ಎರಡು ನಿಯಮಗಳಲ್ಲೂ "ಮೇಲಿನ ಗುಂಡು ಇಳಿದಿರಬೇಕು" ಎಂಬುದು ಸಮಾನವಾಗಿತ್ತು. ಅದನ್ನು ಹೊರಗೆ ತೆಗೆದಾಗ ಉಳಿದದ್ದು: ಮೇಲಿನದು ಇಳಿದಿರಬೇಕು, ಮತ್ತು ಕೆಳಗಿನದು ಇಳಿದಿರಬೇಕು ಅಥವಾ ಮೋಟಾರು ಓಡುತ್ತಿರಬೇಕು. ಎಣಿಸಿ ನೋಡಿದರೆ 'ಮತ್ತು' ದ್ವಾರ ಒಂದು, 'ಅಥವಾ' ದ್ವಾರ ಒಂದು. ನನ್ನ ಹಳೆಯ ಮಂಡಲದಲ್ಲಿದ್ದುದೂ ಅಷ್ಟೇ! ಸುರಕ್ಷೆಗೆ ಕಾಸಿನ ಹೆಚ್ಚುವೆಚ್ಚವೂ ಇರಲಿಲ್ಲ. ನನ್ನಲ್ಲಿ ಕೊರತೆಯಾದದ್ದು ವಿಚಾರ ಮಾತ್ರ.

ಸ್ಥಿತಿಗಳು ಹೆಚ್ಚಿದಾಗ ನಕ್ಷೆಗೆ ಬದಲು ಕ್ವೈನ್ ಮತ್ತು ಮೆಕ್‌ಕ್ಲಸ್ಕಿಯವರ ಕೋಷ್ಟಕ ವಿಧಾನವಿದೆ. ಇಂದು ಗಣಕಯಂತ್ರಗಳೇ ಈ ಕೆಲಸವನ್ನು ಕ್ಷಣಾರ್ಧದಲ್ಲಿ ಮುಗಿಸುತ್ತವೆ. ಆದರೆ ಯಾವ ಮನೆ ಲೆಕ್ಕಕ್ಕಿಲ್ಲವೆಂಬುದನ್ನು ಯಂತ್ರ ತಾನಾಗಿ ಅರಿಯದು. ಅದನ್ನು ಹೇಳಿಕೊಡುವವರು ನಾವೇ. ಆದುದರಿಂದ ನಮ್ಮ ಶಾಲೆಯ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ: ಉತ್ತರ ಸರಿಯಿದ್ದಾಗಲೂ ಮಕ್ಕಳನ್ನು ಆ ಹಳೆಯ ಪ್ರಶ್ನೆ ಕೇಳುವುದನ್ನು ಬಿಡದಿರಿ.