ಮನೆಯ ಹಿಂದಿನ ಹಿಮದ ಗುಡ್ಡ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ಒಂದು ಚಿಕ್ಕ ರಾಜ್ಯ. ಬೆಟ್ಟ, ಕಾಡು, ಹೈನುಗಾರಿಕೆಯ ಹಳ್ಳಿಗಳು ಅದರ ಸಂಪತ್ತು. ಚಳಿಗಾಲದಲ್ಲಿ ಹಿಮ ಬಿದ್ದೊಡನೆ ಅಲ್ಲಿಯ ಜನ ಉದ್ದನೆಯ ಎರಡು ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು ಇಳಿಜಾರುಗಳಲ್ಲಿ ಜಾರತೊಡಗುತ್ತಾರೆ. ಸ್ಕೀಯಿಂಗ್ ಎಂಬ ಈ ಆಟಕ್ಕಾಗಿಯೇ ಕಟ್ಟಿದ ದೊಡ್ಡ ವಿಹಾರಧಾಮಗಳಲ್ಲಿ ಒಂದು ದಿನಕ್ಕೆ ನೂರು ಡಾಲರಿಗೂ ಮಿಕ್ಕಿ ತೆರಬೇಕಾಗುತ್ತದೆ.

ಫೆಬ್ರವರಿಯ ಒಂದು ದಿನ ಬರ್ಲಿಂಗ್ಟನ್ ನಗರದಿಂದ ಕಾರಿನಲ್ಲಿ ಹೊರಟ ನಾವು ಅಂಥ ಧಾಮವೊಂದನ್ನು ನೋಡಲು ಹೋಗುತ್ತಿದ್ದೆವು. ರಿಚ್‌ಮಂಡ್ ಎಂಬ ಊರಿನ ಬಳಿ ನಮ್ಮ ಮಿತ್ರರು ಹೆದ್ದಾರಿಯನ್ನು ಬಿಟ್ಟು, ವಿನೂಸ್ಕಿ ನದಿಯ ಸೇತುವೆ ದಾಟಿ, ಒಂದು ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿದರು. ಇದೇ ಕಾಕ್ರನ್ನರ ಗುಡ್ಡ. ಎತ್ತರ ಬುಡದಿಂದ ಸುಮಾರು 350 ಅಡಿ. ನಮ್ಮ ಚಾಮುಂಡಿ ಬೆಟ್ಟದ ಮುಂದೆ ಇದು ಬರಿಯ ದಿಬ್ಬವೆನಿಸೀತು.

ಇದರ ಕಥೆ ಸ್ವಾರಸ್ಯವಾದುದು. 1961ರಲ್ಲಿ ಮಿಕ್ಕಿ ಮತ್ತು ಜಿನ್ನಿ ಕಾಕ್ರನ್ ದಂಪತಿಗಳು ಇಲ್ಲಿಯ ಹೊಲಮನೆಯನ್ನು ಕೊಂಡರು. ತಮ್ಮ ನಾಲ್ವರು ಮಕ್ಕಳು ಜಾರಲು ಕಲಿಯಲೆಂದು ಮನೆಯ ಹಿಂದಿನ ಇಳಿಜಾರಿನಲ್ಲಿ ಹಗ್ಗದ ಯಂತ್ರವನ್ನು ಹೂಡಿದರು. ಮೇಲೊಂದು, ಕೆಳಗೊಂದು ಗಾಲಿ. ಅವೆರಡನ್ನೂ ಸುತ್ತಿ ಬರುವ, ಕೊನೆಮೊದಲಿಲ್ಲದ ಹಗ್ಗ. ಅದನ್ನು ಓಡಿಸಲು ಒಂದು ಎಂಜಿನ್. ನಮ್ಮಲ್ಲಿ ಹಿಂದೆ ಕಪಿಲೆಯ ಹಗ್ಗ ಬಾವಿಯ ನೀರನ್ನು ಮೇಲಕ್ಕೆಳೆದಂತೆ ಇದು ಮಕ್ಕಳನ್ನು ಗುಡ್ಡಕ್ಕೆಳೆಯುತ್ತದೆ. ಅಮೆರಿಕದಲ್ಲಿ ಮೊದಲು ಈ ಉಪಾಯ ನಡೆದದ್ದೂ ಇದೇ ವರ್ಮಾಂಟಿನ ವುಡ್‌ಸ್ಟಾಕ್‌ನಲ್ಲಿ, 1934ರಲ್ಲಿ. ಹಳೆಯ ಫೋರ್ಡ್ ಕಾರಿನ ಎಂಜಿನ್ನಿನಿಂದ!

ನೆರೆಹೊರೆಯ ಮಕ್ಕಳೂ ಬಂದರು. ಮನೆಯ ಗುಡ್ಡ ಊರಿನ ಗುಡ್ಡವಾಯಿತು. ಕಾಕ್ರನ್ನರ ನಾಲ್ವರು ಮಕ್ಕಳೂ ಮುಂದೆ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಪರ್ಧಿಸಿದರು. ಎರಡನೆಯ ಮಗಳು ಬಾರ್ಬರಾ ಆನ್ 1972ರಲ್ಲಿ ಜಪಾನಿನ ಸಪೊರೊದಲ್ಲಿ ಚಿನ್ನದ ಪದಕ ಗೆದ್ದರು. ಗೆಲುವಿನ ಅಂತರ ಒಂದು ಸೆಕೆಂಡಿನ ನೂರರಲ್ಲಿ ಎರಡು ಪಾಲು. ಕಣ್ಣೆವೆ ಬಡಿಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಅವರ ಮಗ ರಯಾನ್ 2022ರಲ್ಲಿ ಬೀಜಿಂಗ್‌ನಲ್ಲಿ ಬೆಳ್ಳಿ ಪದಕ ಪಡೆದಾಗ ಚಿನ್ನ ತಪ್ಪಿದ್ದು ನೂರರಲ್ಲಿ ನಾಲ್ಕು ಪಾಲಿನಿಂದ.

ಆದರೆ ನನ್ನ ಮನಸ್ಸನ್ನು ಸೆಳೆದದ್ದು ಪದಕಗಳಲ್ಲ. ಒಂದು ಕಾಲಕ್ಕೆ ವರ್ಮಾಂಟಿನ ಅನೇಕ ಊರುಗಳಲ್ಲಿ ಇಂಥ ಹಗ್ಗದ ಗುಡ್ಡಗಳಿದ್ದುವು. ವಿಮೆಯ ವೆಚ್ಚ ಏರಿತು, ಕೆಲವು ವರ್ಷ ಹಿಮ ಕೈಕೊಟ್ಟಿತು, ದೊಡ್ಡ ಧಾಮಗಳು ಜನರನ್ನು ಸೆಳೆದುವು. ಅವುಗಳಲ್ಲಿ ಬಹುಪಾಲು ಮುಚ್ಚಿಹೋದುವು. ಇಳಿಜಾರುಗಳಲ್ಲಿ ಮತ್ತೆ ಕಾಡು ಬೆಳೆಯಿತು. ಈ ಗುಡ್ಡವೂ ಆ ಹಾದಿ ಹಿಡಿಯಬಹುದಾಗಿತ್ತು. 1998ರಲ್ಲಿ ಇದನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ಮಾರ್ಪಡಿಸಿದರು. ಹಣವಿಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸಬಾರದೆಂಬುದು ಅದರ ಸಂಕಲ್ಪ. ಊರವರ ದಾನ, ಊರವರ ದುಡಿಮೆ ಎರಡೂ ಅದನ್ನು ನಡೆಸುತ್ತಿವೆ. ಚಳಿಗಾಲಗಳು ವರ್ಷವರ್ಷಕ್ಕೆ ಬೆಚ್ಚಗಾಗುತ್ತಿರುವ ಈ ದಿನಗಳಲ್ಲಿ ಅದು ಸುಲಭದ ಮಾತಲ್ಲ.

ಹಗ್ಗದ ಬಳಿ ಒಬ್ಬ ವೃದ್ಧರು ನಿಂತಿದ್ದರು. ಐದು ವರ್ಷದ ಹುಡುಗಿಯೊಬ್ಬಳು ಹಗ್ಗ ಹಿಡಿದಳು, ನಾಲ್ಕು ಮಾರು ಹೋಗಿ ಬಿದ್ದಳು. ವೃದ್ಧರು ಎಬ್ಬಿಸಿ ನಿಲ್ಲಿಸಿದರು. ಮತ್ತೆ ಹಿಡಿದಳು, ಮತ್ತೆ ಬಿದ್ದಳು. ಈ ಕೊರೆವ ಚಳಿಯಲ್ಲಿ ಸಂಬಳವಿಲ್ಲದೆ ಏಕೆ ನಿಲ್ಲುತ್ತೀರಿ ಎಂದು ಕೇಳಿದೆ.

"ನನ್ನ ಮಕ್ಕಳು ಇಲ್ಲಿ ಕಲಿಯುವಾಗ ಯಾರೋ ನಿಂತಿದ್ದರಲ್ಲ" ಎಂದರು.

ಅಷ್ಟರಲ್ಲಿ ಹುಡುಗಿ ಮೂರನೆಯ ಸಲ ಹಗ್ಗ ಹಿಡಿದು, ಬೀಳದೆ, ಗುಡ್ಡದ ಅರ್ಧವನ್ನು ದಾಟಿದ್ದಳು. ವೃದ್ಧರು ನನ್ನನ್ನು ಮರೆತು ಅತ್ತ ಕೈಬೀಸುತ್ತಿದ್ದರು.