ಅಪ್ಪ ಮತ್ತು ಬೈಲಿ ಸೇತುವೆ

ಸೇತುವೆ ಕಂಡರೆ ಸುಮ್ಮನೆ ದಾಟಿಹೋಗುವುದು ನಮ್ಮಪ್ಪನಿಂದ ಆಗುತ್ತಿರಲಿಲ್ಲ. ನೆಂಟರ ಮದುವೆಗೆ ಹೊರಟಿದ್ದರೂ ಸರಿಯೇ, ದಾರಿಯಲ್ಲಿ ಹೊಸ ಸೇತುವೆ ಸಿಕ್ಕಿತೆಂದರೆ ಪಂಚೆ ಎತ್ತಿ ಕಟ್ಟಿ ಕೆಳಗಿಳಿದು, ಅಡಿಭಾಗವನ್ನೆಲ್ಲ ನೋಡಿ ಬರುತ್ತಿದ್ದರು. ಅವ್ವ ರೇಷ್ಮೆ ಸೀರೆ ಉಟ್ಟು ರಸ್ತೆ ಬದಿಯಲ್ಲಿ ನಿಂತು, "ಮೇಲಿಂದ ನೋಡಿದ್ರೆ ಸೇತುವೆ ಕಾಣಲ್ವೇನ್ರೀ?" ಎನ್ನುತ್ತಿದ್ದಳು. "ಮೇಲಿರೋದು ಬರೀ ರಸ್ತೆ ಕಣೇ. ಸೇತುವೆ ಇರೋದು ಕೆಳಗೆ" ಎಂಬುದು ಅಪ್ಪನ ಉತ್ತರ.

ಸಕಲೇಶಪುರದ ಕಡೆಯ ನಮ್ಮೂರಲ್ಲಿ ನಮ್ಮದು ಇವತ್ತಿಗೂ 'ಮಿಲ್ಟ್ರಿಯೋರ ಮನೆ'. ಮಿಲಿಟರಿ ಎಂದಮೇಲೆ ಬಂದೂಕು, ಗಡಿ, ವೈರಿ ಎಂಬುದು ಊರಿನವರ ಲೆಕ್ಕ. ಆದರೆ ಅಪ್ಪ ಸೇರಿದ್ದು ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. 1780ರಲ್ಲಿ ಎರಡು ಕಂಪನಿಗಳಾಗಿ ಹುಟ್ಟಿದ ಪಡೆ ಅದು. ದಕ್ಷಿಣದ ರಾಜ್ಯಗಳ ಹುಡುಗರೇ ಹೆಚ್ಚಾದ್ದರಿಂದ ಸೇನೆಯಲ್ಲೆಲ್ಲ ಅವರಿಗೆ 'ತಂಬಿ'ಗಳೆಂದೇ ಹೆಸರು. ದಾರಿ ಮಾಡುವುದು, ನೆಲದಲ್ಲಿ ಹುಗಿದ ಮೈನ್ ತೆಗೆಯುವುದು, ಸೇತುವೆ ಕಟ್ಟುವುದು, ಬೇಕೆಂದಾಗ ಅದನ್ನೇ ಉರುಳಿಸುವುದು ಈ ಸ್ಯಾಪರುಗಳ ಕೆಲಸ. "ಎಷ್ಟು ಜನಾನ ಹೊಡ್ದಿದ್ದೀಯಪ್ಪಾ?" ಎಂದು ನಾವು ಮಕ್ಕಳು ಕಣ್ಣರಳಿಸಿ ಕೇಳಿದರೆ, ಬೈಲಿ ಸೇತುವೆಯ ಒಂದು ಪ್ಯಾನಲ್ ಎಷ್ಟು ಭಾರ ಎಂಬಲ್ಲಿಂದ ಅವರ ಯುದ್ಧದ ಕಥೆ ಶುರುವಾಗುತ್ತಿತ್ತು. ಬಹಳ ಸಲ ಅಲ್ಲಿಗೇ ಮುಗಿಯುತ್ತಿತ್ತು.

ಮಗ್ಗಿಗಿಂತ ಮೊದಲು ನನಗೆ ಬಾಯಿಪಾಠವಾದದ್ದು ಆ ಲೆಕ್ಕ: ಹತ್ತು ಅಡಿ ಉದ್ದ, ಐದಡಿ ಎತ್ತರದ ಉಕ್ಕಿನ ಚೌಕಟ್ಟು, ತೂಕ ಸುಮಾರು 260 ಕಿಲೋ, ಹೊರಲು ಆರು ಜನ. ಇದನ್ನು ಯೋಚಿಸಿದ ಡೊನಾಲ್ಡ್ ಬೈಲಿ ಸೈನಿಕರೇ ಅಲ್ಲ. ಇಂಗ್ಲೆಂಡಿನ ಕ್ರೈಸ್ಟ್‌ಚರ್ಚ್ ಎಂಬ ಊರಿನಲ್ಲಿ ಸೇನೆಗಾಗಿ ಸೇತುವೆಗಳ ಪ್ರಯೋಗ ನಡೆಸುತ್ತಿದ್ದ ಸಿವಿಲ್ ನೌಕರ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳ ತೂಕ ಏರಿ, ಹಳೆಯ ಮಾದರಿಯ ಸೇತುವೆಗಳು ತಡೆಯದಾದಾಗ ಅವರ ನಕ್ಷೆ ಕೈಗೆ ಬಂತು. ಕ್ರೇನ್ ಬೇಡ, ಬೆಸುಗೆ ಬೇಡ. ಲಾರಿಯಲ್ಲಿ ತುಂಡುಗಳನ್ನು ತಂದು ಪಿನ್ ಹೊಡೆದು ಜೋಡಿಸಿದರಾಯಿತು. ಅದಕ್ಕಿಂತ ಸೊಗಸೆಂದರೆ, ಆಚೆ ದಡದಲ್ಲಿ ಯಾರೂ ಇರಬೇಕಾಗಿಲ್ಲ. ಈಚೆ ದಡದಲ್ಲೇ ಸೇತುವೆ ಜೋಡಿಸಿ, ಮುಂದಕ್ಕೆ ಹಗುರವಾದೊಂದು ಮೂತಿ ಕಟ್ಟಿ, ರೋಲರುಗಳ ಮೇಲೆ ತಳ್ಳುತ್ತ ಹೋದರೆ ಮೂತಿ ಆಚೆ ದಡ ಮುಟ್ಟುತ್ತದೆ. ಆಮೇಲೆ ಮೂತಿ ಕಳಚಿಬಿಡುವುದು. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾ ಬಳಿ ಚಿಂದ್ವಿನ್ ನದಿಯ ಮೇಲೆ 1154 ಅಡಿ ಉದ್ದದ ತೇಲುವ ಬೈಲಿ ಸೇತುವೆ ಎದ್ದು ನಿಂತಿತು. ಬೈಲಿಯವರಿಗೆ 1946ರಲ್ಲಿ 'ಸರ್' ಪದವಿ ಬಂತು. ಯುದ್ಧ ಮುಗಿದರೂ ಸೇತುವೆಗೆ ನಿವೃತ್ತಿಯಾಗಲಿಲ್ಲ. ನಮ್ಮ ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ಕಾರ್ಖಾನೆಯಲ್ಲಿ ಅದು ಈಗಲೂ ತಯಾರಾಗುತ್ತದೆ.

ಅಪ್ಪನಿಗೆ ವರ್ಷಕ್ಕೆ ಎರಡು ತಿಂಗಳ ರಜೆ. ಉಳಿದ ಕಾಲವೆಲ್ಲ '56 ಎಪಿಒ' ಎಂಬ ವಿಳಾಸದ ಕಾಗದ. ಅದು ಸೇನೆಯ ಅಂಚೆ ವಿಳಾಸವೆಂದು ತಿಳಿಯದೆ, ಆ ಊರು ನಕ್ಷೆಯಲ್ಲಿ ಎಲ್ಲಿದೆಯೆಂದು ನಾನು ಹುಡುಕುತ್ತಲೇ ಇದ್ದೆ. ನೆತ್ತಿಯ ಮೇಲೆ ಬಿಳಿ ಬಣ್ಣದ ನಂಬರು ಬರೆದಿದ್ದ ಕಪ್ಪು ಟ್ರಂಕು ಜಗುಲಿ ಹತ್ತಿತೆಂದರೆ ಊರಿನ ಹಿರಿಯರಿಗೆಲ್ಲ ಅಪ್ಪನ ಕ್ಷೇಮಸಮಾಚಾರದ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕುತ್ತಿತ್ತು. ಟ್ರಂಕಿನೊಳಗಿನ ರಮ್ಮಿನ ಬಾಟಲಿ ಖಾಲಿಯಾದ ದಿನ ಅಕ್ಕರೆಯೂ ತೀರುತ್ತಿತ್ತು. ಅಪ್ಪ ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು, ಜಡೆ ಹಾಕುತ್ತಿದ್ದರು. ಹಗ್ಗ ಬಿಗಿದು ಬಿಗಿದು ಪಳಗಿದ ಕೈ. ಬೆಳಿಗ್ಗೆ ಹಾಕಿದ ಜಡೆ ಸಂಜೆಯವರೆಗೂ ಅಲ್ಲಾಡುತ್ತಿರಲಿಲ್ಲ, ನನ್ನ ಹುಬ್ಬು ಮಾತ್ರ ಹಣೆಯ ಮಧ್ಯಕ್ಕೆ ಏರಿರುತ್ತಿತ್ತು. ಬೀರು ಸರಿಸುವಾಗ ನಾವೆಲ್ಲ ಅವರು ಹೇಳಿದ ಕ್ಷಣಕ್ಕೇ ಎತ್ತಬೇಕು. ಆರು ಜನರಲ್ಲಿ ಒಬ್ಬ ಕೈ ಸಡಿಲ ಬಿಟ್ಟರೆ ಉಳಿದ ಐವರ ಕಾಲು ಮುರಿಯುತ್ತದೆ ಎಂಬುದು ಅವರು ಕಲಿತ ಪಾಠ. "ವರ್ಷವಿಡೀ ಮನೆ ನಡೆಸೋಳು ನಾನು, ರಜಕ್ಕೆ ಬಂದೋರು ಆರ್ಡರ್ ಹಾಕ್ತಾರೆ" ಎಂದು ಅವ್ವ ಗೊಣಗುತ್ತಲೇ ಬೀರಿನ ಒಂದು ಮೂಲೆ ಹಿಡಿಯುತ್ತಿದ್ದಳು.

1971ರ ಯುದ್ಧದಲ್ಲಿ ಅಪ್ಪ ಪಶ್ಚಿಮದ ಗಡಿಯಲ್ಲಿದ್ದರು. 'ಪಶ್ಚಿಮೀ ಸ್ಟಾರ್' ಪದಕ ಟ್ರಂಕಿನ ತಳದಲ್ಲಿ ಹಳೆಯ ಪೇಪರಿನೊಳಗೆ ಇರುತ್ತಿತ್ತು. ಆ ಡಿಸೆಂಬರಿನಲ್ಲಿ ಬಸಂತರ್ ನದಿಯ ಬಳಿ ಟ್ಯಾಂಕು ಬಿಟ್ಟಿಳಿಯದೆ ಹೋರಾಡಿ ಮಡಿದ ಅರುಣ್ ಖೇತ್ರಪಾಲರಿಗೆ ಪರಮವೀರ ಚಕ್ರ ಬಂತು. ಇಪ್ಪತ್ತೊಂದು ವರ್ಷದ ಹುಡುಗ. ಅವರ ಹೆಸರು ಹೇಳುವಾಗ ಅಪ್ಪ ಎದ್ದು ನಿಂತೇ ಹೇಳುತ್ತಿದ್ದರು. ಆ ಟ್ಯಾಂಕುಗಳಿಗಾಗಿ ರಾತ್ರಿಯೆಲ್ಲ ಗುಂಡಿನ ಸುರಿಮಳೆಯಲ್ಲಿ ಮೈನ್ ತೆಗೆದು ದಾರಿ ಬಿಡಿಸಿದ ಸ್ಯಾಪರುಗಳಿದ್ದರಲ್ಲ, ಅವರ ಮಾತು ಬಂದಾಗ ಮಾತ್ರ "ಅದು ಕೆಲಸ" ಎಂದು ಕೂತುಬಿಡುತ್ತಿದ್ದರು.

ಪಿಂಚಣಿ ಪಡೆದು ಊರಿಗೆ ಬಂದಮೇಲೂ ಆ ಕೆಲಸ ಬಿಡಲಿಲ್ಲ. ಮೃಗಶಿರ ಮಳೆಗೆ ಮುಂಚೆ ಶಾಲೆ ದಾರಿಯ ಹಳ್ಳಕ್ಕೆ ಬೈನೆ ಮರದ ಕಾಲುಸಂಕ ಹಾಕುವುದು, ದೀಪಾವಳಿ ಕಳೆದು ನೀರಿಳಿದ ಮೇಲೆ ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸುವುದು. "ಬಿಚ್ಚೋದ್ಯಾಕೆ, ಇರ್ಲಿ ಬಿಡಿ" ಎಂದವರಿಗೆ, "ಬಿಟ್ರೆ ಕೊಳೆಯುತ್ತೆ. ಮುಂದಿನ ವರ್ಷ ಅದನ್ನೇ ನಂಬಿ ಯಾವುದೋ ಮಗು ಕಾಲಿಡುತ್ತೆ" ಎನ್ನುತ್ತಿದ್ದರು. ಈಗ ಅಲ್ಲಿ ಕಾಂಕ್ರೀಟಿನ ಮೋರಿ ಬಂದಿದೆ.

ಅಪ್ಪ ತೀರಿಕೊಂಡ ಮೇಲೆ, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿಯಿತು. ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋಗಿ, ಆಚೆಯ ಮುಂಡಕ್ಕೈ ಊರಿಗೆ ಯಂತ್ರಗಳು ಹೋಗುವಂತಿರಲಿಲ್ಲ. ಅಪ್ಪನ ಅದೇ ಮದ್ರಾಸ್ ಸ್ಯಾಪರುಗಳು ಬಂದರು. ಆಗಸ್ಟ್ 1ರ ಸಂಜೆಗೆಲ್ಲ 190 ಅಡಿಯ ಬೈಲಿ ಸೇತುವೆ ಸಿದ್ಧ, 24 ಟನ್ ಹೊರುವಂಥದ್ದು. ಆ ತಂಡದ ಮುಂದಾಳುಗಳಲ್ಲಿ ಮೇಜರ್ ಸೀತಾ ಶೆಲ್ಕೆ ಎಂಬ ಹೆಣ್ಣುಮಗಳು. ಟೀವಿಯಲ್ಲಿ ಹುಡುಗರು ಸಾಲಾಗಿ ನಿಂತು ಪ್ಯಾನಲ್ ಹೊರುವುದು ಕಂಡಾಗ ಅವ್ವ, "ನಿಮ್ಮಪ್ಪ ಇದ್ದಿದ್ರೆ ಊಟ ಬಿಟ್ಟು ಕೂರೋರು. ಪಿನ್ ಸರಿಯಾಗಿ ಹೊಡೆದ್ರೋ ಇಲ್ವೋ ಅಂತ ಇಲ್ಲಿಂದ್ಲೇ ಬೈಯೋರು" ಎಂದಳು.

ಸೈನಿಕನೆಂದರೆ ಬಂದೂಕು ಹಿಡಿದವನೆಂದೇ ನಮ್ಮ ಸಿನಿಮಾ, ಭಾಷಣಗಳು ಕಲಿಸಿವೆ. ಸೇನೆಯ ದಿನಗಳಲ್ಲಿ ಹೆಚ್ಚಿನವು ಹೊರುವುದರಲ್ಲಿ, ಅಗೆಯುವುದರಲ್ಲಿ, ಬೇಯಿಸುವುದರಲ್ಲಿ, ಗಾಡಿ ಓಡಿಸುವುದರಲ್ಲಿ ಕಳೆಯುತ್ತವೆ. ನಿಮ್ಮೂರಲ್ಲೂ ಒಂದು ಮಿಲ್ಟ್ರಿಯೋರ ಮನೆ ಇದ್ದೇ ಇರುತ್ತದೆ. ಅಲ್ಲಿಗೆ ಹೋದಾಗ ಎಷ್ಟು ಜನರನ್ನು ಹೊಡೆದಿರಿ ಎಂದು ಕೇಳಬೇಡಿ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ, ಜೊತೆಗೆ ಸ್ವಲ್ಪ ಪುರಸೊತ್ತು ಇಟ್ಟುಕೊಂಡು ಹೋಗಿ. ಉತ್ತರ ಉದ್ದವಾಗಿರುತ್ತದೆ.