ತಡವಾಗಿ ಮೇಲೆ ಬಂದ ಹಾಡು

ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಅಪರೂಪ. 'ನಮ್ಮ ಪ್ರತಿನಿಧಿಯಿಂದ' ಅಂತಿರುತ್ತದೆ, ಅಷ್ಟೆ. ಆ ಬೇಸರದಲ್ಲಿದ್ದ ಒಂದು ರಾತ್ರಿ ಮೊಬೈಲಿನಲ್ಲಿ ಜಪಾನಿನ ಮಿಯುಕಿ ನಕಾಜಿಮಾ ಅವರ ಹಾಡು ಕೇಳಿದೆವು. ಭಾಷೆ ತಿಳಿಯದು, ದನಿ ಮಾತ್ರ ಬಿಡಲಿಲ್ಲ. ಯಾರಿವರು ಅಂತ ಹುಡುಕುತ್ತಾ ಹೋದೆವು.

ಹುಟ್ಟಿದ್ದು 1952ರಲ್ಲಿ, ಉತ್ತರದ ಹೊಕ್ಕೈದೊ ದ್ವೀಪದ ಸಪ್ಪೊರೊದಲ್ಲಿ. ತಾವೇ ಬರೆದು, ತಾವೇ ರಾಗ ಹಾಕಿ, ಗಿಟಾರ್ ಹಿಡಿದು ಹಾಡುವವರ ಕಾಲ ಅದು. 1975ರಲ್ಲಿ ಇವರ ಮೊದಲ ಹಾಡು ಬಂತು. 1977, 1981, 1994ರಲ್ಲಿ ಇವರ ಹಾಡುಗಳು ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿದವು. ಅಷ್ಟಾದರೂ ಟಿವಿಯಲ್ಲಿ ಹಾಡಿದ್ದು ತೀರಾ ಕಡಿಮೆ.

2000ರಲ್ಲಿ ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ ಒಂದು ಕಾರ್ಯಕ್ರಮ ಶುರು ಮಾಡಿತು. ದೊಡ್ಡ ಕೆಲಸ ಮಾಡಿಯೂ ಹೆಸರಿಲ್ಲದೆ ಉಳಿದವರ ಕಥೆಗಳು. ಅದಕ್ಕೆ ನಕಾಜಿಮಾ ಬರೆದ ಹಾಡಿನ ಹೆಸರು 'ಚಿಜೊ ನೊ ಹೊಶಿ', ಅಂದರೆ ನೆಲದ ಮೇಲಿನ ನಕ್ಷತ್ರಗಳು. ಹಾಡು ಬಂದ ಕೂಡಲೇ ಮೊದಲ ಸ್ಥಾನಕ್ಕೇರಲಿಲ್ಲ. ಆದರೆ ಮಾರಾಟ ನಿಲ್ಲಲೂ ಇಲ್ಲ, ವಾರ ವಾರವೂ ಜನ ಕೊಳ್ಳುತ್ತಲೇ ಇದ್ದರು.

2002ರ ಡಿಸೆಂಬರ್ 31. ವರ್ಷದ ಕೊನೆಯ ರಾತ್ರಿ ಜಪಾನಿನಲ್ಲಿ ಮನೆಮಂದಿಯೆಲ್ಲ ಕೂತು ನೋಡುವ ಹಾಡಿನ ಕಾರ್ಯಕ್ರಮ. ನಕಾಜಿಮಾ ಅದರಲ್ಲಿ ಹಾಡಿದ್ದು ಅದೇ ಮೊದಲು. ಆದರೆ ಟೋಕಿಯೊದ ವೇದಿಕೆಗೆ ಬರಲಿಲ್ಲ, ಕುರೊಬೆ ಅಣೆಕಟ್ಟಿನ ಯೋಜನೆಯ ಸುರಂಗದೊಳಗೆ ಚಳಿಯಲ್ಲಿ ನಿಂತು ಹಾಡಿದರು. 186 ಮೀಟರ್ ಎತ್ತರದ ಆ ಅಣೆಕಟ್ಟು ಕಟ್ಟಲು ಏಳು ವರ್ಷ ಹಿಡಿದಿತ್ತು. ಸತ್ತ ಕೆಲಸಗಾರರು 171. ಎರಡನೇ ಚರಣದಲ್ಲಿ ಪದ ತಪ್ಪಿದರೂ ನಕಾಜಿಮಾ ನಿಲ್ಲಿಸದೆ ಹಾಡಿ ಮುಗಿಸಿದರು. ಮುಂದಿನ ತಿಂಗಳು ಆ ಹಾಡು ಮೊದಲ ಸ್ಥಾನಕ್ಕೆ ಬಂತು. ಬಿಡುಗಡೆಯಾಗಿ ಎರಡೂವರೆ ವರ್ಷವಾಗಿತ್ತು.

ಇದನ್ನೆಲ್ಲ ಓದಿದ ಮೇಲೆ ನಮ್ಮದೇ ಹಳೆಯ ಸುದ್ದಿಯೊಂದನ್ನು ತೆಗೆದು ನೋಡಿದೆವು. ಕೆರೆ ಹೂಳೆತ್ತಿದ ಸುದ್ದಿ. ವೇದಿಕೆ ಮೇಲಿದ್ದ ಆರು ಜನರ ಹೆಸರು ಬರೆದಿದ್ದೆವು. ಬುಟ್ಟಿ ಹೊತ್ತವರ ಹೆಸರು ಒಂದೂ ಇರಲಿಲ್ಲ. ನಮ್ಮ ಹೆಸರು ಬರಲಿಲ್ಲ ಅಂತ ಕೊರಗುತ್ತಿದ್ದ ನಾವೇ ಅವರ ಹೆಸರು ಬಿಟ್ಟಿದ್ದೆವು.

ಮುಂದಿನ ಬಾರಿ ಚರಂಡಿ ಕೆಲಸದ ಸುದ್ದಿಗೆ ಮೂವರು ಕೂಲಿಯವರ ಹೆಸರು ಕೇಳಿ ಬರೆದು ಕಳಿಸಿದೆವು. ಡೆಸ್ಕಿನವರು ಎರಡನ್ನು ಕತ್ತರಿಸಿದರು. ಒಂದು ಉಳಿಯಿತು. ಆಕೆಯ ಮಗ ಪತ್ರಿಕೆ ಕೇಳಿಕೊಂಡು ನಮ್ಮ ಮನೆತನಕ ಬಂದಿದ್ದ.